ನಾರು ಕೋಣೆ ಪ್ರಕರಣ

ಒಂದು 'ವ' ಅಕ್ಷರಕ್ಕೆ ಎಷ್ಟು ತೂಕ ಇರಬಹುದು? ಹದಿನೆಂಟು ವರ್ಷದಿಂದ ಪ್ರೆಸ್ಸಿನಲ್ಲಿ ಕುಳಿತು ಕರಡು ತಿದ್ದುತ್ತಿರುವ ನಾನು ಈ ಪ್ರಶ್ನೆಯನ್ನು ತಮಾಷೆಗೆ ಕೇಳುತ್ತಿಲ್ಲ. ಒಂದೇ ಒಂದು 'ವ' ನಮ್ಮ ಭಾವನ ಕೋಣೆಯ ಮೇಲೆ ಬಿದ್ದು ಅದನ್ನು ಇನ್ನೇನು ನೆಲಸಮ ಮಾಡುವುದರಲ್ಲಿತ್ತು. ಆ 'ವ' ಬಂದು ಕೂರಲು ಜಾಗ ಮಾಡಿಕೊಟ್ಟ ಪುಣ್ಯಾತ್ಮ ನಾನೇ. ಆದ್ದರಿಂದ ನಡೆದದ್ದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಅಕ್ಕ ಹೇಳಿದರೆ ನನ್ನ ಮಾನ ಉಳಿಯುವುದಿಲ್ಲ.

ಭಾವ ಎಂದರೆ ಅಕ್ಕನ ಗಂಡ. ಊರಿನ ದೊಡ್ಡ ಆರ್ಕಿಟೆಕ್ಟ್ ಒಬ್ಬರ ಆಫೀಸಿನಲ್ಲಿ ನಕ್ಷೆ ಬರೆಯುತ್ತಾರೆ. ನಕ್ಷೆ ಎಂದರೆ ಪೂರ್ತಿ ನಕ್ಷೆಯಲ್ಲ, ಮೆಟ್ಟಿಲು ಮಾತ್ರ. ಇಪ್ಪತ್ತೆರಡು ವರ್ಷದಲ್ಲಿ ನೂರಾರು ಕಟ್ಟಡಗಳಿಗೆ ಮೆಟ್ಟಿಲು ಬರೆದಿದ್ದಾರೆ. ಜನ ಅವನ್ನು ಹತ್ತಿ ಆಫೀಸಿಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗುತ್ತಾರೆ. ಒಬ್ಬರಾದರೂ ನಡುವೆ ನಿಂತು "ಆಹಾ, ಎಂಥ ಮೆಟ್ಟಿಲು!" ಅಂದದ್ದಿಲ್ಲ. ಎಡವಿ ಬಿದ್ದವರು ಮಾತ್ರ "ಯಾವನ್ರೀ ಇದನ್ನ ಮಾಡಿದೋನು?" ಎಂದು ವಿಚಾರಿಸುತ್ತಾರೆ. ಆಫೀಸಿನಲ್ಲಿ ಅವರ ಹೆಸರೇ ಮೆಟ್ಟಿಲು. "ಮೆಟ್ಟಿಲು ಬಂದ್ರಾ?" "ಮೆಟ್ಟಿಲಿಗೆ ಇವತ್ತು ಜ್ವರವಂತೆ." ಪ್ರತಿ ನಕ್ಷೆಯ ಮೂಲೆಯಲ್ಲಿ ವಿನ್ಯಾಸಕಾರರ ಹೆಸರಿಗೆಂದು ಒಂದು ಪುಟ್ಟ ಚೌಕ ಇರುತ್ತದೆ. ಅದರಲ್ಲಿ ಇರುವುದು ಬಾಸ್ ಹೆಸರು. ಅದನ್ನು ಅಲ್ಲಿ ಬರೆಯುವ ಕೈ ಮಾತ್ರ ಭಾವನದು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ.

ಒಂದು ದಿನ ಬಾಸ್ ಮೀಟಿಂಗಿನಲ್ಲಿ ಪರಿಸರ, ಪ್ರಕೃತಿ, ಹೊಸ ಬಗೆಯ ಕಟ್ಟಡ ಅಂತ ಮುಕ್ಕಾಲು ಗಂಟೆ ಭಾಷಣ ಮಾಡಿದರಂತೆ. ಭಾವನಿಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ನಿಂತು, "ಸಾರ್, ಸಿಮೆಂಟೇ ಇಲ್ದೆ, ಬರೀ ಗಿಡದ ನಾರು, ಬಿದಿರು ಹಾಕಿ ಒಂದು ಕೋಣೆ ಕಟ್ಟಿ ನೋಡೋಣ್ವಾ?" ಎಂದರು. ಬಾಸ್ ಕನ್ನಡಕ ತೆಗೆದು, "ಮೆಟ್ಟಿಲು, ನೀವು ಮೇಲಿನ ಮಹಡಿ ಚಿಂತೆ ಬಿಡಿ. ಜನರನ್ನ ಅಲ್ಲಿಗೆ ಮುಟ್ಟಿಸಿ, ಸಾಕು" ಎಂದರು. ಎಲ್ಲರೂ ನಕ್ಕರು. ಭಾವನೂ ಮರ್ಯಾದೆಗೆ ನಕ್ಕರು. ಸಂಜೆ ಮನೆಗೆ ಬಂದವರು ಚಪ್ಪಲಿ ಕೂಡ ಬಿಡದೆ ನೆಟ್ಟಗೆ ಹಿತ್ತಿಲಿಗೆ ಹೋಗಿ, ಬಟ್ಟೆ ಒಣಗಿಸುವ ಜಾಗದ ನಡುವೆ ನಿಂತುಬಿಟ್ಟರು.

"ರೀ, ಏನಾಯ್ತು?" ಎಂದಳು ಅಕ್ಕ.

"ಇಲ್ಲೊಂದು ಕೋಣೆ ಕಟ್ತೀನಿ."

"ಮೊದ್ಲು ಬಚ್ಚಲ ಬಾಗಿಲಿಗೆ ಚಿಲಕ ಹಾಕಿ."

ಚಿಲಕದ ಮಾತು ಇವತ್ತಿಗೂ ಹಾಗೇ ಇದೆ. ಕೋಣೆಯ ಕೆಲಸ ಮಾತ್ರ ಮಾರನೆಯ ದಿನವೇ ಶುರುವಾಯಿತು.

ಮೊದಲ ಪ್ರಯೋಗ ಒಣಹುಲ್ಲು ಮತ್ತು ಸುಣ್ಣ. ಮಾದರಿಗೆಂದು ಮೊಣಕಾಲೆತ್ತರದ ಒಂದು ಗೋಡೆ ಎದ್ದಿತು. ಭಾವ ಅದರ ಮೇಲೆ ಹತ್ತಿ ಕುಣಿದು ತೋರಿಸಿದರು, ಗೋಡೆ ಅಲುಗಲಿಲ್ಲ. ಎಂಟು ದಿನಕ್ಕೆ ಅದು ಚಿಗುರಿತು. ಹುಲ್ಲಿನಲ್ಲಿ ಬೀಜ ಉಳಿದಿತ್ತು ಎಂಬುದು ಆಮೇಲೆ ತಿಳಿಯಿತು. ಅಕ್ಕ ತರಕಾರಿ ಹೆಚ್ಚುವ ಚಾಕು ಹಿಡಿದುಕೊಂಡೇ ಬಂದು ನೋಡಿ, "ಇದಕ್ಕೆ ತಿಂಗಳಿಗೊಂದ್ಸಲ ಕಟಿಂಗ್ ಮಾಡಿಸ್ಬೇಕಾ, ಇಲ್ಲ ಹಾಗೇ ಬಿಟ್ರೆ ಜಡೆ ಹಾಕ್ಬಹುದಾ?" ಎಂದು ಕೇಳಿದಳು.

ಎರಡನೆಯ ಪ್ರಯೋಗದಲ್ಲಿ ಗೆದ್ದರು. ಬಾಳೆದಿಂಡಿನಿಂದ ತೆಗೆದ ನಾರು, ಸೆಣಬಿನ ನಾರು, ಸುಣ್ಣ. ಇವುಗಳ ಜೊತೆಗೆ ಭತ್ತದ ಹೊಟ್ಟು ಸುಟ್ಟು ಮಾಡಿದ ಇದ್ದಿಲ ಪುಡಿ. ಇದ್ದಿಲು ಹಾಕಿದ್ದು ಬರೀ ಬಣ್ಣಕ್ಕೆ. ಬಿಳಿ ಗೋಡೆ ಬೇಗ ಕೊಳೆಯಾಗುತ್ತದೆ ಎಂದು ಅಕ್ಕ ತಕರಾರು ತೆಗೆದಿದ್ದಳು. ಬೂದು ಬಣ್ಣ ಬರಲಿ ಎಂದು ಭಾವ ಕೈಗೆ ಬಂದಷ್ಟು ಸುರಿದರು. ಎಷ್ಟು ಸುರಿದರು ಎಂದು ಅವರನ್ನು ಕೇಳಬೇಡಿ, ಲೆಕ್ಕ ಇಟ್ಟಿಲ್ಲ.

ಕೋಣೆಯ ಆಕಾರವನ್ನೂ ಹೇಳಬೇಕು. ಇಪ್ಪತ್ತೆರಡು ವರ್ಷ ನೇರ ಗೆರೆ ಎಳೆದ ಮನುಷ್ಯನಿಗೆ ಮೂಲೆ ಕಂಡರೆ ಆಗದು. ಬಿದಿರನ್ನು ಬಗ್ಗಿಸಿ, ನೆಲದಿಂದ ನೆಲಕ್ಕೆ ಕಮಾನು ಕಟ್ಟಿ, ನಾರಿನ ಚಾಪೆ ಹೆಣೆದು, ಮೇಲೆ ಗಾರೆ ಬಳಿದರು. ಬೋರಲು ಹಾಕಿದ ದೊಡ್ಡ ಬುಟ್ಟಿಯ ಹಾಗೆ ಆಯಿತು. ಅಕ್ಕ ಒಳಗೆ ಒಂದು ಸುತ್ತು ಹಾಕಿ ಬಂದು, "ಮೂಲೆನೇ ಇಲ್ವಲ್ರೀ. ಪೊರಕೆ ಎಲ್ಲಿಡೋದು? ಕಸ ಗುಡಿಸಿ ಎಲ್ಲಿಗೆ ಸೇರಿಸೋದು?" ಎಂದಳು. ಭಾವ ತಮ್ಮ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರು. ಯಾವ ವಿನ್ಯಾಸದ ಪುಸ್ತಕದಲ್ಲೂ ಪೊರಕೆಯ ಬಗ್ಗೆ ಬರೆದಿಲ್ಲ.

ಆದರೆ ಇದೆಲ್ಲ ಮುಗಿಯುವ ಮೊದಲೇ, ಗೋಡೆ ಭುಜದೆತ್ತರ ಬಂದಾಗ, ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಬೇಲಿಯ ಮೇಲಿಂದ ತಲೆ ಹಾಕಿದರು. "ಪರ್ಮಿಷನ್ ತಗೊಂಡಿದ್ದೀರಾ?" ಎಂದರು. ಭಾವ ತಗೊಂಡಿರಲಿಲ್ಲ. ಅವರ ಪ್ರಕಾರ ಸಿಮೆಂಟಿಲ್ಲದ್ದು ಕಟ್ಟಡವಲ್ಲ, ಪೀಠೋಪಕರಣ.

"ನೀನೇ ಒಂದು ಅರ್ಜಿ ಬರ್ಕೊಡೋ. ಅಕ್ಷರ ನಿನ್ನ ಕಸುಬಲ್ವಾ" ಎಂದರು ಭಾವ ನನಗೆ. ಇಲ್ಲಿಂದ ನನ್ನ ಪಾಪ ಶುರು. ನಾನು ಅರ್ಜಿಯನ್ನು ಎರಡು ಪುಟ ಬರೆದೆ. ನಾರಿನ ಗುಣ, ಗಾಳಿಯ ಚಲನೆ, ಕೋಣೆಯ ಅಳತೆ, ಎಲ್ಲವನ್ನೂ ತೂಗಿ ನೋಡಿ ಬರೆದೆ. ಆದರೆ ವಿಷಯ ಎಂಬಲ್ಲಿ ಚುಟುಕಾಗಿ, ಗತ್ತಾಗಿ ಇರಲಿ ಎಂದು ನಾಲ್ಕೇ ಪದ ಹಾಕಿದೆ: 'ನಮ್ಮ ಹಿತ್ತಿಲಿನ ನಾರು ಕೋಣೆ.' ಅದನ್ನು ಮೂರು ಸಲ ಓದಿ ನನಗೆ ನಾನೇ ತಲೆದೂಗಿದೆ. ಮೂವತ್ತು ದಿನದಲ್ಲಿ ನಗರಸಭೆಯವರು ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕ ಹಾಗೆ ಎಂದು ಭಾವನಿಗೆ ಭರವಸೆಯನ್ನೂ ಕೊಟ್ಟೆ.

ಇಪ್ಪತ್ತೊಂಬತ್ತನೆಯ ದಿನ ಕೋಣೆ ಮುಗಿಯಿತು. ಮೂವತ್ತನೆಯ ದಿನ ಬೆಳಿಗ್ಗೆ ನಗರಸಭೆಯ ಜೀಪು ಬಂತು. ಅದರಿಂದ ಇಳಿದವರು ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಕರವಸ್ತ್ರ ಹಿಡಿದಿದ್ದ ಒಬ್ಬ ಅಧಿಕಾರಿ.

"ದಿಬ್ಬ ಬದೆ ಹಿತ್ತಿಲು ದೋಡ್ಬೇಕು" ಎಂದರು.

"ದಿಬ್ಬ ಯಾವ್ದೂ ಇಲ್ಲ ಸಾರ್ ನಮ್ಮ ಹಿತ್ತಿಲಲ್ಲಿ" ಎಂದಳು ಅಕ್ಕ ಗಾಬರಿಯಿಂದ.

ಆ ಅಧಿಕಾರಿಗೆ ಹತ್ತೊಂಬತ್ತು ವರ್ಷದಿಂದ ಮೂಗು ಕಟ್ಟಿತ್ತು. ಬಾಯಿಂದ ಹೊರಡುವ ಹೊತ್ತಿಗೆ 'ನ' ಎಲ್ಲ 'ದ' ಆಗಿ, 'ಮ' ಎಲ್ಲ 'ಬ' ಆಗಿ ಬರುತ್ತಿತ್ತು. ಅವರು ಹೇಳಿದ್ದು 'ನಿಮ್ಮ ಮನೆ ಹಿತ್ತಿಲು ನೋಡ್ಬೇಕು' ಅಂತ. ಇನ್ನು ಮುಂದೆ ಅವರ ಮಾತುಗಳನ್ನು ನಾನು ತಿದ್ದಿ ಕೊಡುತ್ತೇನೆ. ಅದು ಹೇಗೂ ನನ್ನ ಕೆಲಸ.

"ನೀವು ಕಟ್ಟಡ ವಿಭಾಗದೋರಾ ಸಾರ್?" ಎಂದರು ಭಾವ ಆಸೆಯಿಂದ.

"ಅಲ್ಲ, ಆರೋಗ್ಯ ನಿರೀಕ್ಷಕ. ದುರ್ವಾಸನೆ ನಿವಾರಣೆ. ನಿಮ್ಮ ಮೇಲೆ ನೀವೇ ದೂರು ಕೊಟ್ಟಿದ್ದೀರಿ. ಇಂಥ ನಾಗರಿಕರು ಸಿಗೋದು ಅಪರೂಪ ಸ್ವಾಮಿ, ನನಗೆ ಬಹಳ ಸಂತೋಷ ಆಯ್ತು" ಎಂದು ಅವರು ಫೈಲು ತೆರೆದು ತೋರಿಸಿದರು. ಅದರ ಮೇಲೆ ಕೆಂಪು ಶಾಯಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: 'ನಮ್ಮ ಹಿತ್ತಿಲಿನ ನಾರುವ ಕೋಣೆ.'

ಭಾವ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

"ಸಾರ್, ಇದು ಬಾಳೆ ನಾರು! ವಾಸನೆ ನಾರೋದಲ್ಲ! ನೀವೇ ಮೂಸಿ ನೋಡಿ!" ಎಂದು ಭಾವ ಕೂಗಿಕೊಂಡರು.

ನಿರೀಕ್ಷಕರು ಗೋಡೆಗೆ ಮೂಗು ಹಚ್ಚಿದರು. ಅದು ಬರೀ ಶಾಸ್ತ್ರಕ್ಕೆ. "ನನ್ನ ಮೂಗನ್ನ ನಂಬಿ ನಾನು ಯಾವತ್ತೂ ವರದಿ ಬರೆಯಲ್ಲ. ಅದು ಪಕ್ಷಪಾತ ಆಗತ್ತೆ. ಅಕ್ಕಪಕ್ಕದೋರನ್ನ ಕೇಳ್ತೀನಿ" ಎಂದು ಒಂದು ಫಾರಂ ತೆಗೆದರು. ಅದರಲ್ಲಿ ಮೂರೇ ಕಾಲಂ: ತೀವ್ರ, ಮಧ್ಯಮ, ನಿವಾರಣೆಯಾಗಿದೆ.

"ವಾಸನೆ ಇಲ್ಲ ಅನ್ನೋ ಕಾಲಂ ಎಲ್ಲಿ ಸಾರ್?" ಎಂದೆ.

"ವಾಸನೆ ಇಲ್ದಿದ್ರೆ ನಾನ್ಯಾಕ್ರೀ ಬರ್ತೀನಿ?"

ಅಷ್ಟರಲ್ಲಿ ಬೇಲಿಯಾಚೆ ಪೋಸ್ಟ್‌ಮಾಸ್ಟರ್ ಹಾಜರಾಗಿದ್ದರು. ಸರ್ಕಾರಿ ಫೈಲು ಕಂಡರೆ ಅವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಫೈಲಿನಲ್ಲಿ ವಾಸನೆ ಇದೆ ಎಂದು ಬರೆದಿರುವಾಗ ತಮಗೆ ಬರಲಿಲ್ಲ ಎಂದರೆ ಅದು ತಮ್ಮ ಮೂಗಿನ ಲೋಪವಾದೀತು ಎಂದು ಅವರಿಗೆ ಅನ್ನಿಸಿರಬೇಕು. ಒಂದು ಸಲ ಉಸಿರೆಳೆದು, "ಹೌದು ಸಾರ್. ನಾನೇ ಹೇಳೋಣ ಅಂತಿದ್ದೆ. ಮಧ್ಯಮ ಅಂತ ಬರ್ಕೊಳ್ಳಿ" ಎಂದರು.

ಪಕ್ಕದ ಮನೆಯ ಆಂಟಿಗೆ ಅದು ಕೇಳಿಸಿತು. ಆಕೆಯ ಅಡುಗೆಮನೆ ಕಿಟಕಿಗೂ ಕೋಣೆಗೂ ನಾಲ್ಕು ಹೆಜ್ಜೆ. "ರಸ್ತೆ ಆಚೆ ಇರೋರಿಗೇ ಮಧ್ಯಮ ಅಂದ್ಮೇಲೆ ನಮಗೆಷ್ಟಿರ್ಬೇಡ! ನಮ್ದು ತೀವ್ರ. ತೀವ್ರಕ್ಕಿಂತ ಕಡಿಮೆಗೆ ನಾನು ಸಹಿ ಹಾಕಲ್ಲ" ಎಂದು ಹಟ ಹಿಡಿದರು. ನಿರೀಕ್ಷಕರು 'ತೀವ್ರ'ಕ್ಕೆ ಗುರುತು ಹಾಕಿ, ಹದಿನೈದು ದಿನದಲ್ಲಿ ವಾಸನೆ ಹೋಗದಿದ್ದರೆ ಕೋಣೆ ಕೆಡವಲಾಗುವುದು ಎಂಬ ನೋಟಿಸನ್ನು ಭಾವನ ಕೈಗಿತ್ತು, ಅಭಿನಂದನೆ ಹೇಳಿ ಹೊರಟುಹೋದರು.

ನಾವಿಬ್ಬರೂ ನಗರಸಭೆಗೆ ಓಡಿದೆವು. ಆ 'ವ' ಸೇರಿಸಿದ ಮಹಾನುಭಾವ ನೋಂದಣಿ ವಿಭಾಗದ ಗುಮಾಸ್ತ. ಮೇಜಿನ ಮೇಲೆ ನಿಘಂಟು, ಕಿವಿಯ ಮೇಲೆ ಕೆಂಪು ಪೆನ್ನು. ಕಂಡ ಕೂಡಲೇ ನನಗೆ ಕನ್ನಡಿ ನೋಡಿದ ಹಾಗಾಯಿತು.

"ನಾನು ನಾರು ಕೋಣೆ ಅಂತ ಬರೆದಿದ್ದೆ. ನೀವು ಯಾಕೆ ತಿದ್ದಿದ್ರಿ?" ಎಂದೆ ಜೋರಾಗಿ.

"ತಪ್ಪಿತ್ತು, ತಿದ್ದಿದೆ. ಮರದ ಬಾಗಿಲು ಅಂತೀವಿ, ಮರ ಬಾಗಿಲು ಅಂತೀವಾ? ನಾರಿನ ಕೋಣೆ ಅಂತ ಬರೀಬೇಕಿತ್ತು."

"ಕಲ್ಲುಗೋಡೆ ಇಲ್ವಾ? ಮಣ್ಣುಗೋಡೆ ಇಲ್ವಾ?"

"ಅದು ಸಮಾಸ ಸ್ವಾಮಿ. ಕೂಡಿಸಿ ಬರೀತಾರೆ. ನೀವು ನಡುವೆ ಜಾಗ ಬಿಟ್ಟಿದ್ದೀರಿ, ನೋಡಿ. ಇಷ್ಟಗಲ ಜಾಗ. ಇಲ್ಲೊಂದು ಅಕ್ಷರ ಬಿಟ್ಟುಹೋಗಿದೆ ಅಂತ ಹಾಕಿದೆ. ಖಾಲಿ ಜಾಗ ಕಂಡ್ರೆ ನನ್ನ ಕೈ ಸುಮ್ನಿರಲ್ಲ."

ನನ್ನ ಅರ್ಜಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಜಾಗ ಇತ್ತು. ಹದಿನೆಂಟು ವರ್ಷ ಊರವರು ಬಿಟ್ಟ ಜಾಗಗಳನ್ನೆಲ್ಲ ಮುಚ್ಚಿದ ನಾನು ನನ್ನ ಭಾವನ ಅರ್ಜಿಯಲ್ಲಿ ಎತ್ತು ನುಗ್ಗುವಷ್ಟು ಜಾಗ ಬಿಟ್ಟಿದ್ದೆ. ನನಗೆ ನಿಜಕ್ಕೂ ಅವಮಾನವಾಯಿತು. ಆದರೂ ಬಗ್ಗದೆ, "ಹಾಗಾದ್ರೆ ಈಗ ಕೂಡಿಸಿ ಬಿಡಿ" ಎಂದೆ.

"ಕೂಡಿಸಿದ್ರೆ ಆದೇಶ ಸಂಧಿ ಆಗತ್ತೆ. ಕಕಾರಕ್ಕೆ ಗಕಾರ ಬಂದು ನಾರುಗೋಣೆ. ಗೋಣಿಚೀಲ ಅಂದ್ಕೊಂಡು ಗೋದಾಮು ವಿಭಾಗದೋರು ಬರ್ತಾರೆ. ಆಗ್ಬಹುದಾ?"

ಭಾವ ಕೈಮುಗಿದು, "ಸಾರ್, ನೀವಿಬ್ರೂ ಆಮೇಲೆ ವ್ಯಾಕರಣ ಮಾತಾಡಿ. ಒಂದು ಅಕ್ಷರ ಹೊಡೆದು ಹಾಕಿದ್ರೆ ನನ್ನ ಕೋಣೆ ಉಳಿಯತ್ತೆ" ಎಂದರು.

ಗುಮಾಸ್ತರ ಮುಖದಲ್ಲಿ ಸ್ವಲ್ಪ ಕರುಣೆ ಕಂಡಿತು. "ನೋಂದಣಿ ಪುಸ್ತಕದಲ್ಲಿ ಸೇರಿಸೋಕೆ ನನಗೆ ಅಧಿಕಾರ ಇದೆ. ತೆಗೆಯೋಕಿಲ್ಲ. ಒಂದೇ ದಾರಿ. ಫಾರಂನ ಮೂರನೇ ಕಾಲಂ, ನಿವಾರಣೆಯಾಗಿದೆ ಅಂತ. ಮೊದಲು ಸಹಿ ಹಾಕಿದ ನೆರೆಯೋರೇ ವಾಸನೆ ಹೋಯ್ತು ಅಂತ ಹೇಳ್ಬೇಕು."

ಹೇಳುವುದೆಲ್ಲಿ ಬಂತು! ನಾವು ಮನೆಗೆ ಬರುವಷ್ಟರಲ್ಲಿ ಬೀದಿಯೇ ನಾರತೊಡಗಿತ್ತು. ಪೋಸ್ಟ್‌ಮಾಸ್ಟರ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ವಾಕಿಂಗ್ ಹೊರಟಿದ್ದರು. ಆಂಟಿ ಅಡುಗೆಮನೆ ಕಿಟಕಿಗೆ ರಟ್ಟು ಹೊಡೆಸುತ್ತಿದ್ದರು. ಮೂರನೆಯ ದಿನಕ್ಕೆ ಯಾರ ಮನೆಯಲ್ಲಿ ಹಾಲು ಒಡೆದರೂ, ಯಾರಿಗೆ ತಲೆ ನೋವು ಬಂದರೂ, ಯಾರ ಮಗಳು ಲೆಕ್ಕದಲ್ಲಿ ಫೇಲಾದರೂ ಕಾರಣ ನಮ್ಮ ಕೋಣೆ. ಸುಳ್ಳು ಹೇಳುತ್ತಿದ್ದರೆ ಜಗಳವಾದರೂ ಆಡಬಹುದಿತ್ತು. ಅವರಿಗೆ ನಿಜವಾಗಿಯೂ ವಾಸನೆ ಬರುತ್ತಿತ್ತು!

ಪೋಸ್ಟ್‌ಮಾಸ್ಟರ್ ವಾರಪತ್ರಿಕೆಗೆ ಒಂದು ಪತ್ರವನ್ನೂ ಬರೆದರು. ಆ ಪತ್ರಿಕೆ ಅಚ್ಚಾಗುವುದು ನಮ್ಮ ಪ್ರೆಸ್ಸಿನಲ್ಲಿ. ಅದರ ಕರಡು ಬಂದದ್ದು ನನ್ನ ಮೇಜಿಗೆ. 'ದುರ್ವಾಸನೆ' ಎಂಬುದನ್ನು ಅವರು ಆರು ಕಡೆ 'ದೂರ್ವಾಸನೆ' ಎಂದು ಬರೆದಿದ್ದರು. ಹೊಟ್ಟೆ ಉರಿಯುತ್ತಿದ್ದರೂ ಆರನ್ನೂ ತಿದ್ದಿದೆ. ವೃತ್ತಿಧರ್ಮ ಬಿಡುವುದಕ್ಕಾಗುತ್ತದೆಯೇ? ಪತ್ರ ಒಂದೂ ತಪ್ಪಿಲ್ಲದೆ ಅಚ್ಚಾಗಿ, ಓದಿದವರ ಮನಸ್ಸಿಗೆ ನಾಟಿ, ನಗರಸಭೆಯ ಕಮಿಷನರ್ ಮೇಡಂ ಬರುವ ಶನಿವಾರ ತಾವೇ ಕೆಡವುವ ತಂಡದೊಂದಿಗೆ ಬರುವುದಾಗಿ ಹೇಳಿಕಳುಹಿಸಿದರು.

ಅವತ್ತು ಸಂಜೆ ಭಾವ ಕೋಣೆಯೊಳಗೆ ನೆಲದ ಮೇಲೆ ಕೂತಿದ್ದರು. ಹೊರಗೆ ಬಿಸಿಲಿನ ಝಳ ಇನ್ನೂ ಆರಿರಲಿಲ್ಲ, ಒಳಗೆ ಮಣ್ಣಿನ ಹೂಜಿಯ ಪಕ್ಕ ಕೂತಷ್ಟು ತಂಪು. ಅವರು ಗೋಡೆಯ ಮೇಲೆ ಕೈಯಾಡಿಸುತ್ತ, "ಮೆಟ್ಟಿಲು ಅನ್ನೋದು ಬೇರೆ ಎಲ್ಲಿಗೋ ಹೋಗೋಕೆ ಕಣೋ. ಅದರ ಮೇಲೆ ಯಾರೂ ಇರಲ್ಲ. ಇದು ಇರೋಕೆ ಅಂತ ಮಾಡಿದ ಜಾಗ. ನಾನು ಪೂರ್ತಿಯಾಗಿ ಮಾಡಿದ್ದು ಅಂದ್ರೆ ಇದೊಂದೇ. ಇದೂ ಹೋದ್ರೆ ನಾನು ಮೆಟ್ಟಿಲಾಗೇ ಸಾಯ್ತೀನಿ" ಎಂದರು. ನನಗೆ ಅಳು ಬಂತು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸಿತು. ಆದರೆ ಆ ಕೆಲಸಕ್ಕೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

ಅಕ್ಕ ಹೊಡೆಯಲಿಲ್ಲ. ಒಳಗೆ ಬಂದು, ಸೆರಗು ಸಿಕ್ಕಿಸಿ, "ಅಳೋದು ಆಮೇಲೆ. ಲೋ, ವಾಸನೆ ಹೋಯ್ತು ಅಂತ ಅವರು ಹೇಳ್ಬೇಕಾದ್ರೆ ಏನಾಗ್ಬೇಕು?" ಎಂದಳು.

"ವಾಸನೆ ಹೋಗ್ಬೇಕು."

"ಹೋಗ್ಬೇಕಾದ್ರೆ?"

"ಇರ್ಬೇಕು."

"ಇಲ್ವಲ್ಲ! ಅದಕ್ಕೇ ಹೋಗ್ತಿಲ್ಲ. ನಾವೇ ಬರಿಸೋಣ. ಎರಡು ದಿನ ಚೆನ್ನಾಗಿ ನಾರಲಿ. ಶನಿವಾರ ಎಲ್ಲರೆದುರಿಗೆ ಎತ್ತಿ ಹೊರಗೆ ಹಾಕಿಬಿಟ್ರೆ, ಹೋಯ್ತು ಅಂತ ಅವರೇ ಹೇಳ್ತಾರೆ. ಅವರ ಮಾತೂ ಉಳಿಯತ್ತೆ, ನಿಮ್ಮ ಕೋಣೆನೂ ಉಳಿಯತ್ತೆ."

"ನನ್ನ ಕೋಣೆ ನಾರ್ಬೇಕಾ? ಪ್ರಾಣ ಹೋದ್ರೂ ಆಗಲ್ಲ!" ಎಂದು ಭಾವ ಎದ್ದು ನಿಂತರು.

"ಹಾಗಾದ್ರೆ ಶನಿವಾರ ಬುಲ್ಡೋಜರ್‌ಗೆ ಕಾಫಿ ಮಾಡಿಕೊಡಿ" ಎಂದಳು ಅಕ್ಕ. ಭಾವ ಕೂತರು.

ಮಾರನೆಯ ಬೆಳಿಗ್ಗೆ ತರಕಾರಿ ಮಾರ್ಕೆಟ್ಟಿನ ಹಿಂಬದಿಯಿಂದ ಎರಡು ಚೀಲ ಕೊಳೆತ ಕೋಸು ತಂದೆ. ಅಂಗಡಿಯವನು ಬಿಸಾಡಲಿದ್ದ ಮೂರು ಡಜನ್ ಮೊಟ್ಟೆ ಸೇರಿದವು. ಅಕ್ಕ ತನ್ನ ಕೈಯಾರೆ ಮೊಟ್ಟೆ ಒಡೆದು, ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಎಲ್ಲವನ್ನೂ ಕಲಸಿ, ಕೋಣೆಯ ನಡುವೆ ಇಟ್ಟು ಬಾಗಿಲು ಹಾಕಿದಳು. ನಾವು ಮೂವರೂ ವರಾಂಡದಲ್ಲಿ ಕೂತು ಕಾದೆವು.

ಮಧ್ಯಾಹ್ನ ನಾನು ಹೋಗಿ ಬೇಲಿಯ ಹತ್ತಿರ ಮೂಸಿದೆ. ಇಲ್ಲ. ಬಾಗಿಲ ಹತ್ತಿರ ಮೂಸಿದೆ. ಇಲ್ಲ. ಮಾರನೆಯ ದಿನ ಇನ್ನೊಂದು ಚೀಲ ಕೋಸು, ಜೊತೆಗೆ ಒಂದಿಷ್ಟು ಹಳಸಿದ ಮೀನು ಹಾಕಿದೆವು. ಶುಕ್ರವಾರ ಮಧ್ಯಾಹ್ನ ಅಕ್ಕ ಉಸಿರು ಬಿಗಿಹಿಡಿದು ಬಾಗಿಲು ತೆರೆದು ಒಳಗೆ ಹೋದವಳು ಅಲ್ಲೇ ನಿಂತಳು. ನಿಧಾನವಾಗಿ ಉಸಿರೆಳೆದಳು. ಟಬ್ಬಿನ ಮೇಲೆ ಬಗ್ಗಿದರೆ ಮಾತ್ರ ಏನೋ ಒಂದಿಷ್ಟು. ಒಂದು ಹೆಜ್ಜೆ ಹಿಂದೆ ಬಂದರೆ ಮಳೆ ಬಂದು ಹೋದ ಮೇಲಿನ ಗಾಳಿ.

ಭಾವ ಗೋಡೆಗೆ ಕಿವಿ ಹಚ್ಚಿ, ಬೆರಳಲ್ಲಿ ಕೆರೆದು, ನಾಲಿಗೆಯಿಂದ ರುಚಿ ಕೂಡ ನೋಡಿ, "ಇದ್ದಿಲು! ಇದ್ದಿಲು ಕಣೇ! ಬಣ್ಣಕ್ಕೆ ಅಂತ ಹಾಕಿದ್ನಲ್ಲ! ಗೋಡೆ ವಾಸನೆ ತಿಂತಿದೆ!" ಎಂದು ಕೂಗುತ್ತ ಕೋಣೆಯ ಸುತ್ತ ಮೂರು ಸುತ್ತು ಕುಣಿದರು. ಮೂಲೆ ಇಲ್ಲದ್ದರಿಂದ ಎಲ್ಲೂ ನಿಲ್ಲಬೇಕಾಗಲಿಲ್ಲ.

ಅಕ್ಕ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಳು. "ತಿನ್ಲಿ, ಸಂತೋಷ. ಆದ್ರೆ ನಾಳೆ ಏನ್ರೀ ಗತಿ? ತನ್ನ ಜೀವ ಉಳಿಸ್ಕೊಳ್ಳೋಕಾದ್ರೂ ಇದು ಒಂದಿಷ್ಟು ನಾರಬಾರದಾ? ಥೇಟ್ ನಿಮ್ಮ ಹಾಗೇ ಇದೆ. ಯಾವಾಗ ಏನು ಮಾಡ್ಬೇಕೋ ಅದು ಗೊತ್ತಿಲ್ಲ!"

ಶನಿವಾರ ಹತ್ತು ಗಂಟೆಗೆ ಕಮಿಷನರ್ ಮೇಡಂ ಬಂದರು. ಹಿಂದೆ ಕರವಸ್ತ್ರದ ನಿರೀಕ್ಷಕರು, ನೋಂದಣಿ ಪುಸ್ತಕ ಹೊತ್ತ ಗುಮಾಸ್ತರು, ಹಾರೆ ಪಿಕಾಸಿ ಹಿಡಿದ ನಾಲ್ಕು ಜನ, ಅವರ ಹಿಂದೆ ಒಂದು ಬುಲ್ಡೋಜರ್. ಬೀದಿಗೆ ಬೀದಿಯೇ ನಮ್ಮ ಹಿತ್ತಿಲಲ್ಲಿ ಸೇರಿತ್ತು, ಎಲ್ಲರ ಮೂಗಿಗೂ ಬಟ್ಟೆ. ಪೋಸ್ಟ್‌ಮಾಸ್ಟರ್ ಬಟ್ಟೆಯನ್ನು ಎರಡು ಸುತ್ತು ಕಟ್ಟಿದ್ದರು.

ಮೇಡಂ ಎಲ್ಲರನ್ನೂ ಒಮ್ಮೆ ನೋಡಿ, "ಎಲ್ಲಿ ವಾಸನೆ?" ಎಂದರು.

"ಇಲ್ಲೇ ಮೇಡಂ! ತೀವ್ರ!" ಎಂದರು ಆಂಟಿ.

ಮೇಡಂ ಬಾಗಿಲು ತಳ್ಳಿಕೊಂಡು ಕೋಣೆಯೊಳಗೆ ಹೋದರು. ನಾವು ಹಿಂದೆಯೇ ಹೋದೆವು. ಅವರು ಗೋಡೆ ಮುಟ್ಟಿದರು, ಕಮಾನು ನೋಡಿದರು, ಹಣೆಯ ಬೆವರು ಒರೆಸಿಕೊಂಡು, "ಎಷ್ಟು ತಂಪಾಗಿದೆ" ಎಂದರು. ಆಮೇಲೆ ಅವರ ಕಣ್ಣು ಟಬ್ಬಿನ ಮೇಲೆ ಬಿತ್ತು. "ಇದೇನಿದು?"

ಭಾವ ನನ್ನ ಮುಖ ನೋಡಿದರು. ನಾನು ಮತ್ತೆ ಆಕಾಶ ನೋಡೋಣ ಎಂದರೆ ಮೇಲೆ ಬಿದಿರು. ಅಕ್ಕನೇ ಮುಂದೆ ಬಂದು, "ಅದೇ ಮೇಡಂ ವಾಸನೆ. ಈಗಲೇ ಎತ್ತಿ ಹೊರಗೆ ಹಾಕ್ತೀನಿ" ಎಂದು ಟಬ್ಬಿಗೆ ಕೈ ಹಾಕಿದಳು. ನಾನು ಇನ್ನೊಂದು ತುದಿ ಹಿಡಿದೆ. ಹೊಸಿಲು ದಾಟಿ ಎರಡು ಹೆಜ್ಜೆ ಇಟ್ಟು, ಬಿಸಿಲಿಗೆ ಟಬ್ಬು ಇಳಿಸಿದೆವು.

ಏನಾಯಿತು ಎಂದು ಅಚ್ಚಿನಲ್ಲಿ ಹೇಳುವುದು ಕಷ್ಟ. ಮೂರು ದಿನದ ಕೋಸು, ಮೊಟ್ಟೆ, ಮೀನು, ಎಲ್ಲ ಒಟ್ಟಿಗೆ ಬಿಡುಗಡೆಯಾಗಿ ಬೀದಿಯ ಮೇಲೆ ಬಿದ್ದವು. ಹಾರೆ ಹಿಡಿದವರು ಹಾರೆ ಬಿಸಾಕಿದರು. ಬುಲ್ಡೋಜರ್ ಡ್ರೈವರ್ ಗಾಡಿ ಬಿಟ್ಟು ಓಡಿದ. ಹದಿನೈದು ದಿನದಿಂದ ವಾಸನೆ ವಾಸನೆ ಎಂದು ಬೊಬ್ಬೆ ಹೊಡೆದವರಿಗೆ ವಾಸನೆ ಎಂದರೆ ಏನೆಂದು ಅವತ್ತು ಗೊತ್ತಾಯಿತು. ಪೋಸ್ಟ್‌ಮಾಸ್ಟರ್ ಕಣ್ಣು ಮೇಲೆ ಮಾಡಿ ಬೇಲಿ ಹಿಡಿದುಕೊಂಡರು.

ಆ ಗದ್ದಲದ ನಡುವೆ ಒಂದು ಸ್ವರ ಕೇಳಿತು. "ಮೇಡಂ! ಮೇಡಂ! ನಾರ್ತಿದೆ! ನಂಗೆ ನಾರ್ತಿದೆ!"

ನಿರೀಕ್ಷಕರು! ಸ್ವಚ್ಛವಾದ 'ಮ', ಸ್ವಚ್ಛವಾದ 'ನ'! ಕಣ್ಣಲ್ಲಿ ದಳದಳ ನೀರು ಸುರಿಸುತ್ತ, ಟಬ್ಬಿನ ಮೇಲೆ ಬಗ್ಗಿ, "ಹತ್ತೊಂಬತ್ತು ವರ್ಷ ಆಯ್ತು ಮೇಡಂ! ನನ್ನ ಮಗಳಿಗೇ ಹದಿನೆಂಟು! ಆಹಾ, ಇದು ಮೊಟ್ಟೆ! ಇದು ಮೀನು!" ಎಂದು ಒಂದೊಂದನ್ನೂ ಗುರುತು ಹಿಡಿಯುತ್ತಿದ್ದರು.

ಉಳಿದವರಿಗೆ ಆ ಸಂತೋಷದಲ್ಲಿ ಪಾಲು ಬೇಕಿರಲಿ‌ಲ್ಲ. ಆಂಟಿ ಅತ್ತ ನೋಡಿದರು, ಇತ್ತ ನೋಡಿದರು. ಕಾಣಿಸಿದ್ದು ಒಂದೇ ಬಾಗಿಲು. ನುಗ್ಗಿದರು. ಹಿಂದೆಯೇ ಪೋಸ್ಟ್‌ಮಾಸ್ಟರ್ ನುಗ್ಗಿದರು. ಹಿಂದೆಯೇ ಬೀದಿ. ಒಂದು ನಿಮಿಷದಲ್ಲಿ ಇಪ್ಪತ್ತಮೂರು ಜನ ಭಾವನ ಕೋಣೆಯೊಳಗೆ ಒತ್ತಿಕೊಂಡು ನಿಂತು, ಬಾಗಿಲು ಹಾಕಿಕೊಂಡು, ಮೂಗಿನ ಬಟ್ಟೆ ಬಿಚ್ಚಿ ದೊಡ್ಡದಾಗಿ ಉಸಿರೆಳೆದರು.

"ಅಬ್ಬಾ, ಇಲ್ಲಿ ಏನೂ ಇಲ್ಲ" ಎಂದರು ಆಂಟಿ. ಅಂದ ಮೇಲೆ ಬಾಯಿ ಮುಚ್ಚಿಕೊಂಡರು. ಆದರೆ ಕೋಣೆಯೊಳಗೇ ಉಳಿದಿದ್ದ ಮೇಡಂ ಆಕೆಯ ಎದುರಿಗೇ ನಿಂತಿದ್ದರು.

ಮೇಡಂ ಬುದ್ಧಿವಂತೆ. ಜನರನ್ನು ಹೊರಗೆ ಕಳಿಸಿ, ಟಬ್ಬು ಒಳಗೆ ತರಿಸಿ, ಬಾಗಿಲು ಹಾಕಿಸಿ ಕಾಲು ಗಂಟೆ ಕಾದರು. ವಾಸನೆ ಮಾಯ. ಹೊರಗೆ ತರಿಸಿದರು. ಬೀದಿ ಚೀರಿತು. ಮತ್ತೆ ಒಳಗೆ. ಮೂರನೆಯ ಸಲಕ್ಕೆ ಪೋಸ್ಟ್‌ಮಾಸ್ಟರ್ ಕೈಮುಗಿದು, "ಸಾಕು ಮೇಡಂ, ಕೋಣೆಯಲ್ಲಿದ್ದ ವಾಸನೆ ಹೋಗಿದೆ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ" ಎಂದರು. ಆಂಟಿ ಪೆನ್ನು ಕಿತ್ತುಕೊಂಡು ಅವರಿಗಿಂತ ಮೊದಲು ಹಾಕಿದರು. ನಿರೀಕ್ಷಕರು ಫಾರಂ ಅನ್ನೂ ಒಮ್ಮೆ ಮೂಸಿ ನೋಡಿ, ಮೂರನೆಯ ಕಾಲಂಗೆ ಗುರುತು ಹಾಕಿದರು. ಬುಲ್ಡೋಜರ್ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

"ಈ ಕೋಣೆಗೆ ಈಗಲೇ ಅನುಮತಿ ಕೊಡ್ತೀನಿ" ಎಂದರು ಮೇಡಂ. "ಇನ್ನೊಂದು ಮಾತು. ನಮ್ಮ ಕಸದ ಗಾಡಿ ನಿಲ್ಲಿಸೋ ಶೆಡ್ಡು ಇದೆಯಲ್ಲ, ಅದಕ್ಕೂ ಇಂಥದೇ ಗೋಡೆ ಬೇಕು. ಪಕ್ಕದಲ್ಲೇ ಶಾಲೆ ಇದೆ, ಪಾಪ ಮಕ್ಕಳು. ಗುಮಾಸ್ತರೇ, ಪುಸ್ತಕ ತೆಗೀರಿ. ವಿನ್ಯಾಸಕಾರರು ಯಾರು, ಇಲ್ಲಿ ಹೆಸರು ಬರೀರಿ."

ಗುಮಾಸ್ತರು ಪುಸ್ತಕ ಬಿಡಿಸಿ ಭಾವನ ಮುಂದೆ ಹಿಡಿದರು. ಭಾವ ಪೆನ್ನು ತೆಗೆದುಕೊಂಡು, ದುಂಡಗೆ, ಚೌಕದ ಗೆರೆ ಮುಟ್ಟದ ಹಾಗೆ, ಒಂದು ಹೆಸರು ಬರೆದರು. ಅಕ್ಕ ಬಗ್ಗಿ ಓದಿದಳು. ಅವಳ ಮುಖ ಕೆಂಪಾಯಿತು.

"ರೀ, ಇದು ಯಾರ ಹೆಸರು?"

ಭಾವ ಈಗ ನೋಡಿದರು. ಬಾಸ್ ಹೆಸರು! "ಅಯ್ಯೋ, ಕೈಗೆ ಅದೇ ಅಭ್ಯಾಸ ಕಣೇ. ಇಪ್ಪತ್ತೆರಡು ವರ್ಷ..." ಎಂದು ತೊದಲಿದರು.

ಅಕ್ಕ ಪೆನ್ನು ಕಸಿದುಕೊಂಡು, ನೋಂದಣಿ ಪುಸ್ತಕದಲ್ಲಿ ತೆಗೆಯುವ ಅಧಿಕಾರ ಯಾರಿಗಿದೆ ಎಂದು ಕೇಳಲು ಹೋಗದೆ, ಆ ಹೆಸರಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದಳು. ಪೆನ್ನನ್ನು ಗಂಡನ ಕೈಗೆ ಕೊಟ್ಟಳು. "ನಿಮ್ಮದು ಬರೀರಿ" ಎಂದಳು.

ಭಾವ ಬರೆದರು. ಮೊದಲ ಅಕ್ಷರ ಪುಟ್ಟದಾಗಿತ್ತು, ಎರಡನೆಯದಕ್ಕೆ ಧೈರ್ಯ ಬಂತು. ಆಮೇಲೆ ನಿಲ್ಲಲಿಲ್ಲ. ಹೆಸರು ಚೌಕ ತುಂಬಿತು, ಗೆರೆ ದಾಟಿತು, ಪಕ್ಕದ ಷರಾ ಕಾಲಂನೊಳಗೆ ನುಗ್ಗಿ ಅದನ್ನೂ ಅರ್ಧ ತುಂಬಿ ನಿಂತಿತು. ಅಷ್ಟು ದೊಡ್ಡ ಅಕ್ಷರವನ್ನು ನಾನು ಪತ್ರಿಕೆಯ ಮುಖಪುಟದಲ್ಲೂ ನೋಡಿಲ್ಲ.

"ಮೇಡಂ, ಕಾಲಂ ದಾಟಿದೆ" ಎಂದರು ಗುಮಾಸ್ತರು ಸಂಕಟದಿಂದ.

ಮೇಡಂ ಪುಸ್ತಕ ನೋಡಿದರು, ಭಾವನನ್ನು ನೋಡಿದರು. ಭಾವ ಅಳುತ್ತಿದ್ದರು, ನಗುತ್ತಲೂ ಇದ್ದರು.

"ದಾಟಲಿ ಬಿಡ್ರೀ" ಎಂದರು ಮೇಡಂ.